ಔಷಧಿಯ ಮಂಪರು: ಗಂಡಹೆಂಡಿರು ಕೂಡಿ ತಿಳಿಯಬೇಕಾದ ಸಂಗತಿಗಳು

ಮನಸ್ಸಿನ ಕಾಯಿಲೆಗೆ ಔಷಧಿ ಸೇವಿಸುವವರ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು ಒಂದುಂಟು. "ಕಾಯಿಲೆಯೇನೋ ಇಳಿಯಿತು, ಆದರೆ ಹಗಲೆಲ್ಲ ತೂಕಡಿಕೆ. ಕೈ ಕೆಲಸಕ್ಕೆ ಏಳುವುದಿಲ್ಲ" ಎಂಬುದೇ ಆ ದೂರು. ಇದು ಚಿಕ್ಕ ದೂರೆಂದು ತಳ್ಳಿಹಾಕುವಂತಿಲ್ಲ. ಈ ಮಂಪರಿನ ಕಾರಣದಿಂದಲೇ ಎಷ್ಟೋ ಮಂದಿ ಯಾರಿಗೂ ತಿಳಿಸದೆ ಔಷಧಿಯನ್ನು ಬಿಟ್ಟುಬಿಡುತ್ತಾರೆ. ಬಿಟ್ಟ ಮೇಲೆ ಕಾಯಿಲೆ ಮರಳಿ ಬರುತ್ತದೆ. ಆದುದರಿಂದ ಮಂಪರು ಏಕೆ ಬರುತ್ತದೆ, ಅದನ್ನು ಹೇಗೆ ನಿಭಾಯಿಸಬೇಕು ಎಂಬುದನ್ನು ಗಂಡಹೆಂಡಿರಿಬ್ಬರೂ ತಿಳಿದಿರುವುದು ಅವಶ್ಯ.

ಒಂದು ಮನೆಯ ಸಂಗತಿ

ಹರಿಹರ ತಾಲ್ಲೂಕಿನ ಭಾನುವಳ್ಳಿಯ ಒಂದು ಮನೆಯ ಸಂಗತಿಯನ್ನು ಇಲ್ಲಿ ಹೇಳುತ್ತೇನೆ. ಮನೆಯವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಮರೆಮಾಡಿದ್ದೇನೆ. ಎರಡನೆಯ ಹೆರಿಗೆಯಾದ ಹತ್ತನೆಯ ದಿನ ಆ ಮನೆಯ ಸೊಸೆಯ ನಡವಳಿಕೆ ಬದಲಾಯಿತು. ಆಕೆಗೆ ರಾತ್ರಿ ಹಗಲು ನಿದ್ರೆಯಿಲ್ಲ. ಕೂಸು ತನ್ನದಲ್ಲ, ಯಾರೋ ಬದಲಾಯಿಸಿದ್ದಾರೆ ಎಂಬ ಭಯ. ಇದು ಬಾಣಂತಿಯರಲ್ಲಿ ಅಪರೂಪಕ್ಕೆ ಕಾಣುವ, ಆದರೆ ತಡಮಾಡದೆ ಚಿಕಿತ್ಸೆ ಮಾಡಬೇಕಾದ ಮನೋರೋಗ. ದಾವಣಗೆರೆಯ ಮನೋವೈದ್ಯರು ಓಲಾಂಜಪಿನ್ ಎಂಬ ಮಾತ್ರೆಯನ್ನು ಆರಂಭಿಸಿದರು. ಮೂರು ವಾರಗಳಲ್ಲಿ ಆಕೆ ಬಹುಮಟ್ಟಿಗೆ ಸುಧಾರಿಸಿದಳು. ಮುಂದೆ ಔಷಧಿಯನ್ನು ನೋಡಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂದಿತು. ನಾನು ಚೀಟಿಯಲ್ಲಿ "ರಾತ್ರಿ ಒಂದು" ಎಂದು ಬರೆದೆ. ಆ ಮನೆಯಲ್ಲಿ ಆಕೆಗೆ ರಾತ್ರಿಯಾಗುವುದು ಎಷ್ಟು ಗಂಟೆಗೆ ಎಂದು ಮಾತ್ರ ಕೇಳಲಿಲ್ಲ.

ಎಲ್ಲರ ಊಟವಾಗಿ, ಪಾತ್ರೆ ತೊಳೆದು, ಕೂಸನ್ನು ಮಲಗಿಸಿ ಆಕೆ ಮಾತ್ರೆ ನುಂಗುತ್ತಿದ್ದುದು ಹನ್ನೊಂದು ಗಂಟೆಗೆ. ಏಳಬೇಕಾದುದು ಐದು ಗಂಟೆಗೆ. ಓಲಾಂಜಪಿನ್ ನುಂಗಿದ ಸುಮಾರು ಆರು ಗಂಟೆಗಳ ಬಳಿಕ ರಕ್ತದಲ್ಲಿ ಅದರ ಪ್ರಮಾಣ ಅತಿ ಹೆಚ್ಚಾಗಿರುತ್ತದೆ. ಅಂದರೆ ಆಕೆ ಎದ್ದು ಅಂಗಳ ಗುಡಿಸಬೇಕಾದ ಹೊತ್ತಿಗೇ ಔಷಧಿಯ ಭಾರವೂ ಶಿಖರಕ್ಕೇರುತ್ತಿತ್ತು. ಆಕೆ ಏಳಲಾರದೆ ಹೋದಳು. ಅತ್ತೆ "ಹೆರಿಗೆಯ ನೆಪ" ಎಂದರು. ಗಂಡ ಸುಮ್ಮನಿದ್ದ. "ಗುಳಿಗೆ ನುಂಗಿದ್ರೆ ಕೂಸು ಅತ್ರೂ ಎಚ್ಚರಾಗಲ್ರೀ" ಎಂದು ಆಕೆ ಅಂಜಿ, ಮಾತ್ರೆಗಳನ್ನು ಅಕ್ಕಿಯ ಡಬ್ಬಿಯಲ್ಲಿ ಹುದುಗಿಸಿಡತೊಡಗಿದಳು. ನಾಲ್ಕು ವಾರಗಳಾದ ಮೇಲೆ ಒಂದು ನಸುಕಿನಲ್ಲಿ ಗದ್ದೆಗೆ ನೀರು ಕಟ್ಟಿ ಮರಳುತ್ತಿದ್ದ ಗಂಡನಿಗೆ, ಭದ್ರಾ ನಾಲೆಯ ಏರಿಯ ಮೇಲೆ ಕೂಸನ್ನೆತ್ತಿಕೊಂಡು ತನ್ನಷ್ಟಕ್ಕೆ ಮಾತನಾಡುತ್ತ ನಿಂತ ಹೆಂಡತಿ ಕಂಡಳು. ಅವನು ಬೇರೆ ದಾರಿಯಲ್ಲಿ ಮನೆಗೆ ಬಂದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಮುಂದೇನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ವಿಷಯವನ್ನು ತಿಳಿಯೋಣ.

ಈ ಔಷಧಿಗಳು ಬಂದ ಬಗೆ

ಮನೋರೋಗಕ್ಕೆ ಔಷಧಿಯೇ ಇಲ್ಲದ ಕಾಲವೊಂದಿತ್ತು. ನಮ್ಮ ದೇಶದ ವೈದ್ಯರು ಬಹು ಹಿಂದಿನಿಂದ ಬಳಸುತ್ತಿದ್ದ ಸರ್ಪಗಂಧ ಎಂಬ ಗಿಡದ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲಿ ಪ್ರಕಟಿಸಿದರು. 1952ರಲ್ಲಿ ಫ್ರಾನ್ಸಿನ ಪ್ಯಾರಿಸ್ ನಗರದಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧಿಯನ್ನು ಮನೋರೋಗಿಗಳಿಗೆ ಕೊಟ್ಟಾಗ ಅವರ ಉದ್ವೇಗ, ಭ್ರಮೆಗಳು ತಗ್ಗಿದವು. ಅಂದಿನಿಂದ ಹೊಸ ಹೊಸ ಔಷಧಿಗಳು ಬಂದಿವೆ.

ನಮ್ಮ ರಾಜ್ಯದಲ್ಲಿ 1974ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು ಒಂದುಗೂಡಿ ನಿಮ್ಹಾನ್ಸ್ ಸಂಸ್ಥೆಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ತರಬೇತಿ ಪಡೆದು ಮನೋರೋಗಕ್ಕೆ ಚಿಕಿತ್ಸೆ ನೀಡಬಹುದೆಂಬುದನ್ನು ಆ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಅದೇ ಮಾದರಿಯನ್ನು 1996ರಿಂದ ದೇಶದ ಇತರ ಜಿಲ್ಲೆಗಳಿಗೆ ವಿಸ್ತರಿಸಲಾಯಿತು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ಇಂತಹ ರೋಗಿಗಳನ್ನು ಊರೂರುಗಳಲ್ಲಿ ಗುರುತಿಸಿ, ಮನೆಯಲ್ಲಿಯೇ ಇದ್ದು ಚಿಕಿತ್ಸೆ ಪಡೆಯುವಂತೆ ಮಾಡಲಾಯಿತು. ತೀರ್ಥಹಳ್ಳಿಯನ್ನು ದಾಟಿ ಬರುವ ತುಂಗೆಯೇ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ನಮ್ಮ ಹರಿಹರದ ಮುಂದೆ ಹರಿಯುತ್ತಾಳೆ. ಅಲ್ಲಿಯ ರೈತನಿಗೆ ಆದ ಗುಣ ಇಲ್ಲಿಯ ರೈತನಿಗೂ ಆಗಬಲ್ಲದು.

ಮಂಪರು ಏಕೆ ಬರುತ್ತದೆ?

ನಮ್ಮನ್ನು ಎಚ್ಚರವಾಗಿಡಲು ಮಿದುಳಿನಲ್ಲಿ ಹಲವು ರಸಾಯನಿಕಗಳು ಕೆಲಸ ಮಾಡುತ್ತವೆ. ಅವುಗಳಲ್ಲಿ ಹಿಸ್ಟಮಿನ್ ಒಂದು. ಮನೋರೋಗದ ಅನೇಕ ಔಷಧಿಗಳು ಕಾಯಿಲೆಗೆ ಸಂಬಂಧಿಸಿದ ರಸಾಯನಿಕವನ್ನು ಹತೋಟಿಗೆ ತರುವುದರ ಜೊತೆಗೆ ಈ ಹಿಸ್ಟಮಿನ್‌ನ ಕೆಲಸವನ್ನೂ ತಡೆಯುತ್ತವೆ. ನೆಗಡಿಯ ಮಾತ್ರೆ ನುಂಗಿದಾಗ ಕಣ್ಣೆಳೆಯುವುದನ್ನು ತಾವು ಬಲ್ಲಿರಷ್ಟೆ. ಅದಕ್ಕೂ ಇದಕ್ಕೂ ಬಹುಮಟ್ಟಿಗೆ ಕಾರಣ ಒಂದೇ.

ಎಲ್ಲ ಔಷಧಿಗಳೂ ಒಂದೇ ಪ್ರಮಾಣದಲ್ಲಿ ಮಂಪರು ತರುವುದಿಲ್ಲ. ಕ್ಲೋರ್‌ಪ್ರೊಮಜಿನ್, ಓಲಾಂಜಪಿನ್, ಕ್ವೆಟಿಯಪಿನ್, ಕ್ಲೋಜಪಿನ್, ಅಮಿಟ್ರಿಪ್ಟಿಲಿನ್, ಮಿರ್ಟಜಪಿನ್ ಇವುಗಳಿಂದ ಮಂಪರು ಹೆಚ್ಚು. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಇವುಗಳಿಂದ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಅರಿಪಿಪ್ರಜೋಲ್, ಫ್ಲುಆಕ್ಸೆಟಿನ್ ಮೊದಲಾದವು ಕೆಲವರ ನಿದ್ರೆಯನ್ನೇ ಕಡಿಮೆ ಮಾಡುವುದುಂಟು. ಡಯಾಜೆಪಾಮ್, ಕ್ಲೋನಜೆಪಾಮ್ ಮುಂತಾದ ಮಾತ್ರೆಗಳ ಗುಣವೇ ಶಮನಗೊಳಿಸಿ ನಿದ್ರೆ ತರುವುದು.

ಔಷಧಿಯನ್ನು ಆರಂಭಿಸಿದ ಮೊದಲ ದಿನಗಳಲ್ಲಿ ಮತ್ತು ಪ್ರಮಾಣವನ್ನು ಹೆಚ್ಚಿಸಿದಾಗ ಮಂಪರು ಜಾಸ್ತಿ. ಅನೇಕರಲ್ಲಿ ಒಂದೆರಡು ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿ ಮಂಪರು ಇಳಿಯುತ್ತದೆ. ಕೆಲವರಲ್ಲಿ ಇಳಿಯದೆ ಉಳಿಯುತ್ತದೆ. ಇಳಿಯದಿದ್ದರೆ ಅದಕ್ಕೆ ಉಪಾಯಗಳುಂಟು. ಸಹಿಸಿಕೊಂಡೇ ಇರಬೇಕೆಂಬ ನಿಯಮವಿಲ್ಲ.

ಸೋಮಾರಿತನವೆಂದು ಜರೆಯಬೇಡಿ

ಮಂಪರು ರೋಗಿಯ ಇಚ್ಛೆಯಿಂದ ಬಂದುದಲ್ಲ. ಹೊಡೆದೆಬ್ಬಿಸಿದರೆ, ಬೈದರೆ ಅದು ಹೋಗುವುದಿಲ್ಲ. ಬೈಗುಳದಿಂದ ಆಗುವುದು ಒಂದೇ: ರೋಗಿ ಗುಟ್ಟಾಗಿ ಔಷಧಿಯನ್ನು ಬಿಡುತ್ತಾನೆ.

ಹಾಗೆಂದು ಎಲ್ಲ ಮಂಕುತನಕ್ಕೂ ಔಷಧಿಯೇ ಕಾರಣವೆಂದು ತಿಳಿಯಕೂಡದು. ಖಿನ್ನತೆಯ ಕಾಯಿಲೆಯೇ ಮನುಷ್ಯನನ್ನು ಹಾಸಿಗೆಗೆ ಕಟ್ಟಿಹಾಕಬಲ್ಲದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ಥೈರಾಯ್ಡ್ ಗ್ರಂಥಿ ಮಂದವಾದರೂ, ಸಕ್ಕರೆ ಕಾಯಿಲೆಯಿದ್ದರೂ ಆಯಾಸ, ತೂಕಡಿಕೆ ಬರುತ್ತವೆ. ಲಿಥಿಯಂ ಸೇವಿಸುವ ಕೆಲವರಲ್ಲಿ ಥೈರಾಯ್ಡ್ ಮಂದವಾಗುವುದುಂಟು. ಔಷಧಿಯಿಂದ ತೂಕ ಹೆಚ್ಚಿದವರು ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟಿದಂತಾಗುತ್ತಿದ್ದರೆ ಅವರಿಗೆ ನಿದ್ರೆಯೇ ಸರಿಯಾಗಿ ಆಗುತ್ತಿಲ್ಲವೆಂದು ಅರ್ಥ. ಗೊರಕೆಯ ಸುದ್ದಿಯನ್ನು ವೈದ್ಯರಿಗೆ ಹೇಳಬಲ್ಲವರು ಪಕ್ಕದಲ್ಲಿ ಮಲಗುವ ಗಂಡ ಅಥವಾ ಹೆಂಡತಿ ಮಾತ್ರ.

ತಾವಾಗಿಯೇ ಔಷಧಿಯನ್ನು ನಿಲ್ಲಿಸಬಾರದು

ಔಷಧಿ ನಿಲ್ಲಿಸಿದ ಮೊದಲ ವಾರ ರೋಗಿಗೆ ಹಗುರವೆನಿಸುತ್ತದೆ. ಮನೆಯವರೂ "ನೋಡಿ, ಮಾತ್ರೆ ಬಿಟ್ಟ ಮೇಲೆಯೇ ಗೆಲುವಾದರು" ಎನ್ನುತ್ತಾರೆ. ಇದು ಮೋಸದ ಗೆಲುವು. ಮಂಪರು ಕೆಲವೇ ದಿನಗಳಲ್ಲಿ ಹೋಗುತ್ತದೆ. ಕಾಯಿಲೆಯಾದರೋ ವಾರಗಳು, ಕೆಲವೊಮ್ಮೆ ತಿಂಗಳುಗಳ ನಂತರ ಮರಳುತ್ತದೆ. ನಡುವೆ ಇಷ್ಟು ಅಂತರವಿರುವುದರಿಂದ ಔಷಧಿ ಬಿಟ್ಟದ್ದೇ ಕಾರಣವೆಂದು ಯಾರಿಗೂ ಹೊಳೆಯುವುದಿಲ್ಲ. ದೆವ್ವ, ಮಾಟಗಳ ಮೇಲೆ ತಪ್ಪು ಹೊರಿಸುತ್ತಾರೆ.

ಬಹುಕಾಲ ಡಯಾಜೆಪಾಮ್, ಕ್ಲೋನಜೆಪಾಮ್ ಸೇವಿಸಿದವರು ಅದನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಕ್ಲೋಜಪಿನ್ ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣವನ್ನೇ ಮತ್ತೆ ನುಂಗಬಾರದು. ವೈದ್ಯರನ್ನು ಕಂಡು ಕಡಿಮೆ ಪ್ರಮಾಣದಿಂದ ಪುನಃ ಆರಂಭಿಸಬೇಕು. ರೋಗಿಗೆ ತಿಳಿಸದೆ ಊಟದಲ್ಲಿ ಮಾತ್ರೆ ಬೆರೆಸುವುದೂ ಸಲ್ಲದು. ಗೊತ್ತಾದ ದಿನ ರೋಗಿ ಔಷಧಿಯ ಜೊತೆಗೆ ಊಟವನ್ನೂ, ಊಟವಿಕ್ಕುವ ಕೈಯನ್ನೂ ನಂಬದಂತಾಗುತ್ತಾನೆ.

ಮಾಡಬೇಕಾದುದೇನು?

ಮೊದಲನೆಯದಾಗಿ, ಮಾತ್ರೆಯ ಹೊತ್ತನ್ನು ವೈದ್ಯರೊಡನೆ ಗೊತ್ತುಮಾಡಿಕೊಳ್ಳಿ. ಎಷ್ಟು ಗಂಟೆಗೆ ನುಂಗುತ್ತೀರಿ, ಎಷ್ಟು ಗಂಟೆಗೆ ಏಳಬೇಕು ಎಂಬುದನ್ನು ತಿಳಿಸಿ. ಹಗಲಿನಲ್ಲಿ ಎರಡು ಮೂರು ಸಲ ತೆಗೆದುಕೊಳ್ಳುವ ಔಷಧಿಯ ಬಹುಭಾಗವನ್ನು ರಾತ್ರಿಗೆ ಸೇರಿಸಲು ಅನೇಕ ವೇಳೆ ಸಾಧ್ಯ. ರಾತ್ರಿಯ ಮಾತ್ರೆಯನ್ನು ಮಲಗುವ ಹೊತ್ತಿಗೆ ಬದಲಾಗಿ ಎಂಟು ಗಂಟೆಗೆ ಸೇವಿಸಿದರೆ ಬೆಳಗಿನ ಭಾರ ಕಡಿಮೆಯಾಗಬಹುದು. ಕಾಯಿಲೆ ಹತೋಟಿಗೆ ಬಂದ ಮೇಲೆ ಪ್ರಮಾಣವನ್ನು ಮೆಲ್ಲಮೆಲ್ಲನೆ ತಗ್ಗಿಸುವುದು, ಮಂಪರು ಕಡಿಮೆಯಿರುವ ಬೇರೆ ಔಷಧಿಗೆ ಬದಲಾಯಿಸುವುದು ಇವೂ ವೈದ್ಯರ ಕೈಯಲ್ಲಿರುವ ಉಪಾಯಗಳು.

ಎರಡನೆಯದಾಗಿ, ಒಂದು ವಾರ ಲೆಕ್ಕವಿಡಿ. ಗೋಡೆಯ ಕ್ಯಾಲೆಂಡರಿನಲ್ಲಿಯೇ ಮಾತ್ರೆ ನುಂಗಿದ ಗಂಟೆ, ಎದ್ದ ಗಂಟೆ, ಹಗಲು ತೂಕಡಿಸಿದ ಹೊತ್ತು ಇವನ್ನು ಗುರುತು ಮಾಡಿ. ಅಕ್ಷರ ಬಾರದವರು ಗೀಟು ಎಳೆದರೂ ಸಾಕು. "ಯಾವಾಗಲೂ ನಿದ್ದೆ" ಎಂಬ ಮಾತಿಗಿಂತ ಆ ಗೀಟುಗಳು ವೈದ್ಯರಿಗೆ ಹೆಚ್ಚು ನೆರವಾಗುತ್ತವೆ.

ಮೂರನೆಯದಾಗಿ, ದಿನಚರಿಯನ್ನು ಸರಿಪಡಿಸಿಕೊಳ್ಳಿ. ದಿನವೂ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳಿ. ಎದ್ದೊಡನೆ ಮುಖ ತೊಳೆದು ಬಯಲ ಬೆಳಕಿನಲ್ಲಿ ಸ್ವಲ್ಪ ದೂರ ನಡೆಯಿರಿ. ಮಧ್ಯಾಹ್ನ ಮಲಗಲೇಬೇಕಾದರೆ ಅರ್ಧ ಗಂಟೆ ಮೀರದಿರಲಿ. ಬೆಳಿಗ್ಗೆ ಒಂದು ಲೋಟ ಚಹಾ ಅಥವಾ ಕಾಫಿ ಕುಡಿಯಬಹುದು. ಸಂಜೆಯ ಮೇಲೆ ಬೇಡ. ಕ್ಲೋಜಪಿನ್ ಸೇವಿಸುವವರು ಕಾಫಿಯ ಪ್ರಮಾಣವನ್ನು ಒಮ್ಮೆಲೇ ಹೆಚ್ಚಿಸಬಾರದು, ಅದರಿಂದ ರಕ್ತದಲ್ಲಿ ಔಷಧಿಯ ಅಂಶ ಏರುತ್ತದೆ.

ನಾಲ್ಕನೆಯದಾಗಿ, ಮಂಪರನ್ನು ಹೆಚ್ಚಿಸುವ ಪದಾರ್ಥಗಳಿಂದ ದೂರವಿರಿ. ಸಾರಾಯಿ, ಬ್ರಾಂದಿ, ಹೆಂಡ ಯಾವುದನ್ನೂ ಈ ಔಷಧಿಗಳೊಡನೆ ಸೇವಿಸಕೂಡದು. ಎರಡೂ ಸೇರಿದರೆ ಉಸಿರಾಟವೇ ಮಂದವಾಗಿ ಪ್ರಾಣಕ್ಕೆ ಅಪಾಯವಾಗಬಹುದು. ಅಂಗಡಿಯಲ್ಲಿ ನೆಗಡಿಯ ಮಾತ್ರೆ, ಕೆಮ್ಮಿನ ಔಷಧಿ ಕೊಳ್ಳುವಾಗ ತಾವು ಸೇವಿಸುತ್ತಿರುವ ಔಷಧಿಯ ಚೀಟಿಯನ್ನು ತೋರಿಸಿ.

ಬೀಡಿ ಸೇದುವವರು ತಿಳಿಯಬೇಕಾದ ಸಂಗತಿಯೊಂದಿದೆ. ಬೀಡಿ, ಸಿಗರೇಟುಗಳ ಹೊಗೆಯಿಂದ ಪಿತ್ತಜನಕಾಂಗವು ಓಲಾಂಜಪಿನ್ ಮತ್ತು ಕ್ಲೋಜಪಿನ್‌ಗಳನ್ನು ಬೇಗ ಕರಗಿಸಿಬಿಡುತ್ತದೆ. ಅಂತಹವರು ಬೀಡಿಯನ್ನು ಒಮ್ಮೆಲೇ ಬಿಟ್ಟರೆ ಅದೇ ಮಾತ್ರೆ ರಕ್ತದಲ್ಲಿ ಹೆಚ್ಚಾಗಿ ನಿಂತು ವಿಪರೀತ ಮಂಪರು ಬರುತ್ತದೆ. ಬೀಡಿ ಬಿಡುವುದು ಒಳ್ಳೆಯದೇ. ಬಿಡುವ ಮುನ್ನ ವೈದ್ಯರಿಗೆ ತಿಳಿಸಿದರೆ ಮಾತ್ರೆಯ ಪ್ರಮಾಣವನ್ನು ಅದಕ್ಕೆ ತಕ್ಕಂತೆ ಇಳಿಸುತ್ತಾರೆ.

ಅಪಾಯದ ಕೆಲಸಗಳು

ಮಂಪರು ಇಳಿಯುವವರೆಗೆ ಟ್ರ್ಯಾಕ್ಟರ್, ಮೋಟಾರ್ ಸೈಕಲ್ ನಡೆಸಬಾರದು. ಭತ್ತ ಒಕ್ಕುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಕಬ್ಬಿನ ಗಾಣಗಳಿಗೆ ಕೈಯೊಡ್ಡಬಾರದು. ತೆಂಗು, ಅಡಿಕೆ ಮರಗಳನ್ನು ಹತ್ತಬಾರದು. ರಾತ್ರಿ ಕರೆಂಟು ಬಂದಾಗ ಪಂಪ್‌ಸೆಟ್ ಹಾಕಲು, ನಾಲೆಯಿಂದ ನೀರು ತಿರುಗಿಸಲು ಮಾತ್ರೆ ನುಂಗಿದವರನ್ನು ಒಬ್ಬರನ್ನೇ ಕಳುಹಿಸಬಾರದು. ಉರಿಯುವ ಒಲೆಯ ಮುಂದೆಯೂ ಎಚ್ಚರಿಕೆ ಬೇಕು. ಹಾಗೆಂದು ಎಲ್ಲ ಕೆಲಸವನ್ನೂ ಕಿತ್ತುಕೊಳ್ಳಬೇಡಿ. ಕಳೆ ತೆಗೆಯುವುದು, ಮೇವು ಹಾಕುವುದು, ಕಾಳು ಹಸನು ಮಾಡುವುದು ಇಂತಹ ಕೆಲಸಗಳು ಮನಸ್ಸಿಗೂ ಮೈಗೂ ಹಿತ.

ಕೆಲವು ಔಷಧಿಗಳಿಂದ ಮಲಗಿದವರು ಥಟ್ಟನೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆಸುತ್ತು ಬರುತ್ತದೆ. ಮೊದಲು ಎದ್ದು ಕುಳಿತು, ಕಾಲನ್ನು ಇಳಿಬಿಟ್ಟು, ಒಂದು ನಿಮಿಷ ಸುಧಾರಿಸಿಕೊಂಡು ನಂತರ ನಿಲ್ಲಬೇಕು.

ತಾಯಿ ಮತ್ತು ಕೂಸು

ಮಂಪರು ತರುವ ಔಷಧಿ ಸೇವಿಸುವ ತಾಯಿ ಕೂಸನ್ನು ತನ್ನ ಹಾಸಿಗೆಯಲ್ಲಿಯೇ ಮಗ್ಗುಲಿಗೆ ಹಾಕಿಕೊಂಡು ಮಲಗಬಾರದು. ಗಾಢ ನಿದ್ರೆಯಲ್ಲಿ ಕೂಸಿಗೆ ಉಸಿರು ಕಟ್ಟುವ ಅಪಾಯವಿದೆ. ಕೈಗೆಟಕುವಷ್ಟು ಹತ್ತಿರದಲ್ಲಿ, ಬೇರೆ ಸಮತಟ್ಟಾದ ಹಾಸಿನ ಮೇಲೆ ಅಂಗಾತ ಮಲಗಿಸಿ. ರಾತ್ರಿ ಕೂಸು ಅತ್ತರೆ ಗಂಡನೇ ಎದ್ದು ತಾಯಿಯನ್ನು ಎಬ್ಬಿಸಿ, ಕೂರಿಸಿ, ಹಾಲುಣಿಸುವವರೆಗೆ ಬಳಿಯಲ್ಲಿರಬೇಕು. ಶುಚಿಯಾದ ಪಾತ್ರೆಯಲ್ಲಿ ಮೊದಲೇ ಹಿಂಡಿ ಮುಚ್ಚಿಟ್ಟ ಎದೆಹಾಲನ್ನು ನಾಲ್ಕು ಗಂಟೆಗಳೊಳಗೆ ಚಮಚದಿಂದ ಕುಡಿಸಲೂಬಹುದು. ಅನೇಕ ಔಷಧಿಗಳನ್ನು ಸೇವಿಸುತ್ತಲೇ ಹಾಲುಣಿಸಬಹುದು. ಕ್ಲೋಜಪಿನ್ ಸೇವಿಸುವವರು ಉಣಿಸಬಾರದು, ಲಿಥಿಯಂ ಸೇವಿಸುವವರು ವೈದ್ಯರ ಅಪ್ಪಣೆಯಿಲ್ಲದೆ ಉಣಿಸಬಾರದು. ಕೂಸೇ ಮಂಕಾಗಿ ಹಾಲು ಚೀಪದಿದ್ದರೆ ತಡಮಾಡದೆ ತೋರಿಸಿ.

ಮತ್ತೊಂದು ಮಗು ಬೇಕೆಂದಿರುವ ದಂಪತಿಗಳು ಬಸಿರಾಗುವ ಮೊದಲೇ ವೈದ್ಯರನ್ನು ಕಾಣಬೇಕು. ವಾಲ್ಪ್ರೊಯೇಟ್ ಎಂಬ ಔಷಧಿಯನ್ನು ಗರ್ಭಿಣಿ ಸೇವಿಸಿದರೆ ನೂರರಲ್ಲಿ ಸುಮಾರು ಹತ್ತು ಶಿಶುಗಳಿಗೆ ಅಂಗದೋಷ ಬರುತ್ತದೆ, ಬುದ್ಧಿಯ ಬೆಳವಣಿಗೆಗೂ ಧಕ್ಕೆಯಾಗಬಹುದು. ಮಗು ಬೇಡವೆಂದಿರುವವರೂ ಒಂದು ಮಾತು ನೆನಪಿಡಿ. ಕಾರ್ಬಮಜೆಪಿನ್ ಸೇವಿಸುವ ಹೆಂಗಸಿಗೆ ಮಾಲಾ-ಎನ್ ಮಾತ್ರೆಯ ಪರಿಣಾಮ ತಗ್ಗಿ ಗರ್ಭ ನಿಲ್ಲಬಹುದು. ಅಂತಹವರಿಗೆ ಕಾಪರ್-ಟಿ ಅಥವಾ ಅಂತರಾ ಚುಚ್ಚುಮದ್ದು ತಕ್ಕುದು. ಇನ್ನು ರಿಸ್ಪೆರಿಡೋನ್ ಮುಂತಾದ ಔಷಧಿಗಳಿಂದ ಕೆಲವರ ಮುಟ್ಟು ನಿಲ್ಲುತ್ತದೆ. ಮುಟ್ಟು ನಿಂತಿದೆಯೆಂದು ಗರ್ಭ ನಿಲ್ಲುವುದೇ ಇಲ್ಲವೆಂದು ಭಾವಿಸಬೇಡಿ.

ತಕ್ಷಣ ಆಸ್ಪತ್ರೆಗೆ ಒಯ್ಯಬೇಕಾದ ಸಂದರ್ಭಗಳು

ಎಷ್ಟು ಎಬ್ಬಿಸಿದರೂ ಎಚ್ಚರವಾಗದಿದ್ದರೆ, ಉಸಿರು ಬಹಳ ನಿಧಾನವಾದರೆ, ಹೆಚ್ಚು ಮಾತ್ರೆ ನುಂಗಿರುವ ಸಂಶಯವಿದ್ದರೆ, ಮಂಪರಿನ ಜೊತೆ ಜ್ವರ ಬಂದು ಮೈ ಸೆಟೆದುಕೊಂಡರೆ ಒಡನೆ 108ಕ್ಕೆ ಕರೆ ಮಾಡಿ. ಲಿಥಿಯಂ ಸೇವಿಸುವವರಿಗೆ ಮಂಪರಿನೊಡನೆ ವಾಂತಿ, ಭೇದಿ, ಕೈನಡುಕ, ತೊದಲುಮಾತು, ಓಲಾಡುವ ನಡಿಗೆ ಕಂಡುಬಂದರೆ ಔಷಧಿ ರಕ್ತದಲ್ಲಿ ವಿಷದ ಮಟ್ಟಕ್ಕೇರಿರಬಹುದು. ಮುಂದಿನ ಮಾತ್ರೆಯನ್ನು ಕೊಡದೆ ಆಸ್ಪತ್ರೆಗೆ ಒಯ್ಯಿರಿ. ಬಿರುಬೇಸಿಗೆಯ ಹೊಲದ ಕೆಲಸ, ಭೇದಿ, ನೀರನ್ನೂ ಕುಡಿಯದ ಉಪವಾಸ, ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೊಂಡ ಮಾತ್ರೆ ಇವುಗಳಿಂದ ಹಾಗಾಗುವುದುಂಟು. ಕ್ಲೋಜಪಿನ್ ಸೇವಿಸುವವರಿಗೆ ಜ್ವರ, ಗಂಟಲುನೋವು ಬಂದರೆ ಅದೇ ದಿನ ತೋರಿಸಿ ರಕ್ತಪರೀಕ್ಷೆ ಮಾಡಿಸಬೇಕು.

ನೆರವು ಎಲ್ಲಿ ದೊರೆಯುತ್ತದೆ?

ಮೊದಲು ತಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬಂದು ಹೋಗುವ ಮನೋಚೈತನ್ಯ ಕಾರ್ಯಕ್ರಮ 2014ರಲ್ಲಿ ಆರಂಭವಾಯಿತು. ಹರಿಹರಕ್ಕೆ ಬರುವ ದಿನವನ್ನು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಳ್ಳಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಆ ಮನೆಯಲ್ಲಿ ಮುಂದೆ

ಭಾನುವಳ್ಳಿಯ ಆ ತಾಯಿಯನ್ನು ಅದೇ ದಿನ ದಾವಣಗೆರೆಗೆ ಕಳುಹಿಸಿದೆವು. ಆಕೆ ಮರಳಿ ಬಂದಾಗ ನಾನು ಗಂಡಹೆಂಡಿರಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಮೊದಲ ಸಲ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಕೇಳಿದೆ. ಎಷ್ಟು ಗಂಟೆಗೆ ಊಟ? ಪಾತ್ರೆ ತೊಳೆಯುವವರು ಯಾರು? ಮೊದಲು ಏಳುವವರು ಯಾರು? ಉತ್ತರ ಹೇಳುತ್ತ ಹೇಳುತ್ತ ಗಂಡನಿಗೇ ತನ್ನ ಮನೆಯ ದಿನಚರಿ ಅರ್ಥವಾಯಿತು. ಆಕೆಗೆ ಮೊದಲ ಪಂಕ್ತಿಯಲ್ಲಿ ಊಟ, ಎಂಟು ಗಂಟೆಗೆ ಮಾತ್ರೆ, ಒಂಬತ್ತಕ್ಕೆ ನಿದ್ರೆ ಎಂದು ಗೊತ್ತಾಯಿತು. ಕೂಸಿನ ತೊಟ್ಟಿಲು ಗಂಡನ ಕಡೆಗೆ ಸರಿಯಿತು. ನಸುಕಿನಲ್ಲಿ ಎಮ್ಮೆ ಕರೆದು ಒಲೆ ಹಚ್ಚುವ ಕೆಲಸವನ್ನು ಅವನೇ ವಹಿಸಿಕೊಂಡ. ಓಣಿಯವರು ನಕ್ಕರಂತೆ. ಒಂದೆರಡು ವಾರವಾದ ಮೇಲೆ ನಗುವವರಿಗೂ ಬೇಸರವಾಯಿತಂತೆ.

ಆರು ಗಂಟೆಗೆ ಏಳುವುದು ಆಕೆಗೆ ಸಾಧ್ಯವಾಯಿತು. ತಿಂಗಳುಗಳು ಕಳೆದ ಮೇಲೆ ಮನೋವೈದ್ಯರು ಮಾತ್ರೆಯ ಪ್ರಮಾಣವನ್ನು ಹಂತಹಂತವಾಗಿ ಇಳಿಸಿದರು. ಇತ್ತೀಚೆಗೆ ಲಸಿಕೆಗೆಂದು ಆ ಕೂಸನ್ನು ಕರೆತಂದಿದ್ದರು. ಅದು ಅಜ್ಜಿಯ ಕೈಯಿಂದ ಬಿಡಿಸಿಕೊಂಡು ನಮ್ಮ ಕೇಂದ್ರದ ಜಗಲಿಯ ಉದ್ದಕ್ಕೂ ನಡೆಯಿತು. ಅತ್ತೆಯವರೇ ನನ್ನ ಬಳಿ ಬಂದು, ಮಾತ್ರೆಯ ಮುಂದಿನ ಚೀಟಿ ಯಾವಾಗ ಬರೆಸಬೇಕೆಂದು ವಿಚಾರಿಸಿದರು.

ಓದುಗ ದಂಪತಿಗಳೇ, ತಮ್ಮಲ್ಲಿ ಒಬ್ಬರು ಇಂತಹ ಔಷಧಿ ಸೇವಿಸುತ್ತಿದ್ದರೆ ಇಂದು ರಾತ್ರಿಯೇ ಒಬ್ಬರನ್ನೊಬ್ಬರು ಕೇಳಿ: ಮಾತ್ರೆಯನ್ನು ಎಷ್ಟು ಗಂಟೆಗೆ ನುಂಗುತ್ತೀರಿ, ಬೆಳಿಗ್ಗೆ ಹೇಗಿರುತ್ತದೆ? ಬಂದ ಉತ್ತರವನ್ನು ಚೀಟಿಯಲ್ಲಿ ಬರೆದುಕೊಂಡು ವೈದ್ಯರ ಬಳಿಗೆ ಇಬ್ಬರೂ ಕೂಡಿಯೇ ಬನ್ನಿ.